ಮೂವ್ ಆನ್ ಅಂದರೆ ಎಲ್ಲಿಗೆ

ಮಾರ್ಚ್ 3, ಸೋಮವಾರ

ವಿಚ್ಛೇದನದ ಕೋರ್ಟಿನ ಕೆಲಸ ಇವತ್ತು ಮುಗಿಯಿತು. ಇಷ್ಟು ವರ್ಷ ಎಳೆದಾಡಿದ್ದು ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು. ನ್ಯಾಯಾಧೀಶರು ತಲೆಯೆತ್ತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಇಬ್ಬರಿಗೂ ಒಪ್ಪಿಗೆ ತಾನೆ?" ಎಂದು ಕೇಳಿದರು. ನನ್ನ ಗಂಡ ಹೌದು ಎಂದರು. ನಾನೂ ಹೌದು ಎಂದೆ. ನನ್ನ ದನಿ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಹೇಳಿಸಿದರು. ಒಂದು ಸಲ ಹೇಳುವುದೇ ಕಷ್ಟವಾಗಿದ್ದ ಮಾತನ್ನು ಎರಡು ಸಲ ಹೇಳಿ ಹೊರಗೆ ಬಂದೆ.

ಮೆಟ್ಟಿಲ ಹತ್ತಿರ ಅವರು ನಿಂತಿದ್ದರು. ತೆಳ್ಳಗಾಗಿದ್ದಾರೆ. ಬೂದು ಬಣ್ಣದ ಅಂಗಿ, ನಾನು ನೋಡಿಲ್ಲದ್ದು. ಏನೋ ಹೇಳುವುದಿರಬೇಕು ಎಂದುಕೊಂಡು ನಾನೂ ನಿಂತೆ.

"ಅಮ್ಮ ಹೇಗಿದಾಳೆ?" ಎಂದರು.

"ಚೆನ್ನಾಗಿದಾರೆ."

ಸ್ವಲ್ಪ ಹೊತ್ತು ಕೈಗಡಿಯಾರ ತಿರುಗಿಸಿಕೊಂಡರು. ಆಮೇಲೆ, "ನೋಡು, ಆದದ್ದಾಯ್ತು. ನೀನೂ ಇನ್ನು ಮೂವ್ ಆನ್ ಆಗು" ಎಂದರು.

ಹೇಳುವಾಗ ಅವರ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡವರಿಗೆ ಮುಂದಿನ ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದರು. ಆಮೇಲೆ ನೀಲಿ ಕಾರು ಹತ್ತಿ ಹೊರಟುಹೋದರು. ಹೊರಡುವಾಗ ಇಂಡಿಕೇಟರ್ ಹಾಕಲಿಲ್ಲ. ಎಷ್ಟು ಸಲ ಹೇಳಿದ್ದೇನೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು.

"ಏನಂದ?"

"ನಿಮ್ಮನ್ನ ಕೇಳಿದ್ರು, ಹೇಗಿದಾಳೆ ಅಂತ."

"ಇದೀನಿ ಅಂತ ಹೇಳ್ಬೇಕಿತ್ತು. ಮತ್ತೆ?"

"ಮೂವ್ ಆನ್ ಆಗು ಅಂದ್ರು."

"ಹಾಗಂದ್ರೆ?"

"ಮುಂದೆ ಹೋಗು ಅಂತ."

"ಎಲ್ಲಿಗೆ?"

ನನಗೂ ಗೊತ್ತಿಲ್ಲ ಎಂದೆ. "ಅವನು ಮೊದಲಿಂದ್ಲೂ ಹಾಗೇ. ಹೊರಡು ಅಂತಾನೆ, ಎಲ್ಲಿಗೆ ಅಂತ ಹೇಳಲ್ಲ" ಎಂದು ಗೊಣಗುತ್ತ ಅಡುಗೆಮನೆಗೆ ಹೋದರು.

ಮೂರು ವರ್ಷದ ಹಿಂದೆ ಅವರು ಇನ್ನೊಬ್ಬಳಿಗಾಗಿ ಈ ಮನೆ ಬಿಟ್ಟು ಹೋದ ದಿನ ಅತ್ತೆಯ ಬಟ್ಟೆಗಳನ್ನೂ ಒಂದು ಸೂಟ್‌ಕೇಸಿಗೆ ತುಂಬಿದ್ದರು. ಅತ್ತೆ ಒಂದೊಂದನ್ನೇ ತೆಗೆದು ಬೀರುವಿನಲ್ಲಿ ವಾಪಸ್ಸು ಜೋಡಿಸಿದರು. "ಹೋಗೋನು ನೀನು. ನಾನು ಯಾರನ್ನೂ ಬಿಟ್ಟು ಹೋಗ್ತಿಲ್ಲ" ಎಂದರು. ಅಂದಿನಿಂದ ನಾವಿಬ್ಬರೇ. ಇವತ್ತಿನಿಂದ ಕಾನೂನಿನ ಪ್ರಕಾರ ಅವರು ನನ್ನ ಅತ್ತೆಯಲ್ಲ. ವಕೀಲರು ಅದನ್ನೂ ನೆನಪಿಸಿ ಕಳಿಸಿದ್ದಾರೆ.

ತುಂಬ ಸುಸ್ತು.


ಮಾರ್ಚ್ 6, ಗುರುವಾರ

ಜನರನ್ನು ಮುಂದಕ್ಕೆ ಹೊರಡಿಸುವುದೇ ನನ್ನ ಹೊಟ್ಟೆಪಾಡು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು, "ಹೋಗಿ, ಹೋಗಿ, ಹೋಗ್ತಾ ಇರಿ" ಎನ್ನುತ್ತೇನೆ. ನನ್ನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವರು ಗಾಬರಿಯಾದರೆ ನಾನು ತುಳಿಯುತ್ತೇನೆ.

ಸ್ಕೂಲಿನ ಮಾಲೀಕರು ಇವತ್ತು ಪ್ರತ್ಯೇಕವಾಗಿ ಕರೆದು, "ಮೇಡಂ, ವಿಷಯ ಗೊತ್ತಾಯ್ತು. ಬೇಜಾರು ಮಾಡ್ಕೋಬೇಡಿ. ಲೈಫಲ್ಲಿ ಮೂವ್ ಆನ್ ಆಗ್ತಾ ಇರ್ಬೇಕು" ಎಂದರು. ಅದೇ ಉಸಿರಿನಲ್ಲಿ, "ಸಂಜೆ ಆರರ ಬ್ಯಾಚು ನೀವೇ ತಗೊಳ್ತೀರಾ? ಹೇಗೂ ಫ್ರೀ ಆದ್ರಲ್ಲ" ಎಂದೂ ಸೇರಿಸಿದರು. ತೆಗೆದುಕೊಳ್ಳುತ್ತೇನೆ ಎಂದೆ. ಇಲ್ಲ ಎನ್ನಲು ಕಾರಣ ಹುಡುಕುವಷ್ಟು ತ್ರಾಣ ಇರಲಿಲ್ಲ.

ಆ ಬ್ಯಾಚಿನಲ್ಲಿ ಹೊಸದಾಗಿ ಒಬ್ಬ ಹೆಂಗಸು ಸೇರಿದ್ದಾರೆ. ಐವತ್ತು ದಾಟಿದವರು, ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಗಂಡನಿಗೆ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋಗಿವೆ. ಅವರ ಕಾರು ಹೊದಿಕೆ ಹೊದ್ದು ಮನೆ ಮುಂದೆ ನಿಂತಿದೆ. ಗಂಡನನ್ನು ಕೈಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಲು ತಾವೇ ಕಲಿಯಬೇಕಂತೆ. ದಿನವಿಡೀ ಹೊಲಿಗೆ ಯಂತ್ರ ತುಳಿದು ಪಳಗಿದ ಕಾಲು. ಆದರೆ ಕಾರಿನಲ್ಲಿ ಕೂತರೆ ಅದಕ್ಕೆ ಬ್ರೇಕು ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ. ಹಸಿರು ದೀಪ ಇದ್ದಾಗಲೂ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?" ಎಂದೆ.

"ಅಲ್ಲಿಗೆ ಹೋಗೋಷ್ಟರಲ್ಲಿ ಕೆಂಪಾಗಿಬಿಟ್ರೆ?" ಎಂದರು.

ಹಿಂದಿನವರು ಹಾರ್ನ್ ಬಾರಿಸಿ ಬೈದುಕೊಂಡು ಹೋದರು. ಸ್ಕೂಲಿನಲ್ಲಿ ಎಲ್ಲರೂ ಆಗಲೇ ಅವರಿಗೆ ಬ್ರೇಕಮ್ಮ ಎಂದು ಹೆಸರಿಟ್ಟಾಗಿದೆ.

ಕ್ಲಚ್ ಬಿಡಿ, ನಿಧಾನ ಬಿಡಿ, ಪೂರ್ತಿ ಬಿಡಬೇಡಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ. ಕಾರು ಬಿಡುವುದು, ಮನೆ ಬಿಡುವುದು, ಹೆಂಡತಿಯನ್ನು ಬಿಡುವುದು, ಹೋಗಲಿ ಬಿಡು ಎನ್ನುವುದು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಮಾತು. ಅಂಥ ಮಾತು ಕೈಯಲ್ಲಿದ್ದರೂ ಆ ದಿನ ಕೋರ್ಟಿನಲ್ಲಿ ಅವರು ಇಂಗ್ಲಿಷಿಗೆ ಹೋದರು. ನಮ್ಮ ಮಾತಿನಲ್ಲೇ ಹೇಳಿದ್ದರೆ ತಮಗೂ ಕೇಳಿಸಿಬಿಡುತ್ತಿತ್ತೇನೋ.


ಮಾರ್ಚ್ 14, ಶುಕ್ರವಾರ

ಒಂದು ನೀಲಿ ಕಾರು ಕಂಡಿತು. ಅದೇ ಮಾದರಿ. ಕಲಿಯುತ್ತಿದ್ದ ಹುಡುಗಿಗೆ, "ಆ ಕಾರಿನ ಹಿಂದೇನೇ ಹೋಗಿ, ಅಂತರ ಕಾಯ್ದುಕೊಳ್ಳೋದು ಅಭ್ಯಾಸ ಆಗುತ್ತೆ" ಎಂದೆ. ಸೇತುವೆ ದಾಟಿ, ಮಾರುಕಟ್ಟೆ ದಾಟಿ, ಅದು ಒಂದು ಶಾಲೆಯ ಮುಂದೆ ನಿಂತಿತು. ಯಾರೋ ಮುದುಕರು ಇಳಿದರು. ಹುಡುಗಿಗೆ ಅಂತರ ಚೆನ್ನಾಗಿ ಅಭ್ಯಾಸವಾಯಿತು.

ಅಕ್ಕ ಫೋನು ಮಾಡಿದ್ದಳು. ಅವಳ ಪಾಠ ಗೊತ್ತಿರುವುದೇ. "ಎಷ್ಟು ದಿನ ಅಂತ ಆ ಮುದುಕೀನ ಇಟ್ಕೊಂಡಿರ್ತೀಯ? ಅದು ಅವರ ಮಗನ ಜವಾಬ್ದಾರಿ. ಮೊದಲು ಅವರನ್ನ ಕಳಿಸು. ಆಮೇಲೇ ನೀನು ಮೂವ್ ಆನ್ ಆಗೋಕೆ ಸಾಧ್ಯ."

ನೋಡೋಣ ಎಂದೆ. ಅತ್ತೆ ಪಕ್ಕದ ಕೋಣೆಯಲ್ಲಿ ರೇಡಿಯೋದ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.


ಮಾರ್ಚ್ 23, ಭಾನುವಾರ

ಅವರು ಬರುವ ದಿನ. ಈಗ ಅವರಿರುವುದು ಬೇರೆ ಊರಿನಲ್ಲಿ, ಅರ್ಧ ದಿನದ ದಾರಿ. ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಬರುತ್ತಾರೆ. ಮೇಲೆ ಬರುವುದಿಲ್ಲ. ಗೇಟಿನ ಹತ್ತಿರ ಮರದ ಕೆಳಗೆ ಒಂದು ಬೆಂಚು ಇದೆ, ತಾಯಿ ಮಗ ಅಲ್ಲಿ ಕೂರುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಬೆಂಚಿನ ಅರ್ಧ ಕಾಣುತ್ತದೆ. ಅವರು ಯಾವಾಗಲೂ ಕಾಣದ ಕಡೆಯೇ ಕೂರುತ್ತಾರೆ. ನನಗೆ ಕಾಣುವುದು ಒಂದು ಮೊಣಕಾಲು, ಒಂದು ಶೂ.

ಅತ್ತೆಯ ಕೈಯಲ್ಲಿ ಫ್ಲಾಸ್ಕಿನಲ್ಲಿ ಚಹಾ ಕಳಿಸಿದೆ. ಸಕ್ಕರೆ ಕಡಿಮೆ, ಅವರಿಗೆ ಹಾಗೆ ಇಷ್ಟ. ಅತ್ತೆ ಅದನ್ನು ನೋಡಿ, "ನನಗೆ ಸಕ್ಕರೆ ಬೇಕು ಅನ್ನೋದು ಮರೆತುಹೋಯ್ತಾ?" ಎಂದರು.

ಅತ್ತೆ ವಾಪಸ್ಸು ಬಂದಾಗ ಮುಖ ಒಂದು ಥರ ಇತ್ತು. "ಏನಂದ್ರು?" ಎಂದೆ.

"ಏನಿಲ್ಲ. ಊಟ ಮಾಡಿದ್ಯಾ ಅಂದ."

ಅದಕ್ಕೆ ಇಷ್ಟು ಹೊತ್ತು ಬೇಕೇ ಎಂದು ಕೇಳಲಿಲ್ಲ.


ಏಪ್ರಿಲ್ 5, ಶನಿವಾರ

ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದೆವು. ಕಾಯುವ ಕೋಣೆಯಲ್ಲಿ ತಣ್ಣನೆ ಗಾಳಿ ಬೀಸುತ್ತಿತ್ತು. ಸ್ವೆಟರ್ ತನ್ನಿ ಎಂದು ನಾನು ಹೇಳಿದ್ದೆ, ಬೇಡ ಎಂದವರು ಅವರು. ಈಗ ಚಳಿ ಎಂದು ನನ್ನ ಮೇಲೆಯೇ ರೇಗುತ್ತಿದ್ದರು. ಅಷ್ಟರಲ್ಲಿ ನರ್ಸು ಬಂದು ನನ್ನನ್ನು ಕೇಳಿದಳು, "ನೀವು ಇವರಿಗೆ ಏನಾಗ್ಬೇಕು?"

ಹೋದ ತಿಂಗಳಿನಿಂದ ನಾನು ಇವರಿಗೆ ಏನೂ ಆಗಬೇಕಾಗಿಲ್ಲ.

"ಸೊಸೆ" ಎಂದರು ಅತ್ತೆ. "ಅಷ್ಟೂ ಗೊತ್ತಾಗಲ್ವೇನಮ್ಮ? ಬೆಳಗಿಂದ ಜಗಳ ಆಡ್ತಿರೋದು ಕಾಣ್ತಿಲ್ವಾ?"

ನರ್ಸು ನಕ್ಕಳು. ನಾನೂ ನಕ್ಕೆ. ನಗು ಬಂದು ಬಹಳ ದಿನವಾಗಿತ್ತು, ದವಡೆ ನೋವಾಯಿತು.

ವಾಪಸ್ಸು ಬರುವಾಗ ಕಣ್ಣಿಗೆ ಪಟ್ಟಿ. ಕಾರು ತಿರುಗಿದಾಗಲೆಲ್ಲ, "ಈಗೆಲ್ಲಿದೀವಿ?" ಎನ್ನುವರು. ಹೇಳುತ್ತ ಬಂದೆ.

ಊರಿನಿಂದ ಅವರು ಫೋನಿನಲ್ಲೇ ತಾಯಿಯನ್ನು ವಿಚಾರಿಸಿದರು. ಕಣ್ಣಿನ ಆಪರೇಷನ್ ಎಂದರೆ ಬಂದೇ ಬರುತ್ತಾರೆ, ಈ ಸಲ ಮೇಲೂ ಬರಬೇಕಾಗುತ್ತದೆ ಎಂದುಕೊಂಡು ಮುಂದಿನ ಕೋಣೆಯ ಪರದೆ ಒಗೆದು ಹಾಕಿದ್ದೆ. ಇರಲಿ, ಪರದೆ ಹೇಗೂ ಕೊಳೆಯಾಗಿತ್ತು.


ಏಪ್ರಿಲ್ 9, ಬುಧವಾರ



ಮಧ್ಯಾಹ್ನ ಒಂದು ಪಾಠ ರದ್ದಾಗಿ ಬೇಗ ಮನೆಗೆ ಬಂದೆ. ಅತ್ತೆ ಕಿಟಕಿಯ ಪಕ್ಕ ಕೂತು, ಒಂದೇ ಕಣ್ಣಿನಲ್ಲಿ, ಹಳೆಯ ಬೆಡ್‌ಶೀಟನ್ನು ಚೌಕ ಚೌಕವಾಗಿ ಕತ್ತರಿಸುತ್ತಿದ್ದರು. ಕಣ್ಣಿಗೆ ಆಯಾಸ ಮಾಡಬೇಡಿ ಎಂದು ಡಾಕ್ಟರು ಅಷ್ಟು ಹೇಳಿದ್ದಾರೆ. ಏನಿದು ಎಂದು ಗದರಿದೆ.

"ನೆಲ ಒರೆಸೋಕೆ" ಎಂದರು.

ಕೈಗೆತ್ತಿಕೊಂಡು ನೋಡಿದೆ. ಬಿಸಿನೀರಿನಲ್ಲಿ ಕುದಿಸಿ ಒಗೆದಿದ್ದರು. ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದಿದ್ದರು. ನೆಲ ಒರೆಸಲು ಯಾರೂ ಅಂಚು ಹೊಲಿಯುವುದಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. "ಜೂನ್‌ನಲ್ಲಂತೆ" ಎಂದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ಸಲ ಬಂದಾಗ ಹೇಳಿದ."

ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗಳಿಗೆ ಅಲೆದ ಆ ವರ್ಷಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

"ನನ್ನ ಮನೇಲಿ ಕೂತು, ನನ್ನ ಬೆಡ್‌ಶೀಟ್ ಹರಿದು, ಅವರ ಮಗೂಗೆ ಬಟ್ಟೆ ಮಾಡ್ತಿದೀರಾ?" ಎಂದೆ. ಇನ್ನೂ ಏನೇನೋ ಅಂದೆ. ಊಟ ಹಾಕಿದ್ದನ್ನೂ ಆಡಿ ತೋರಿಸಿದೆ.

ಅತ್ತೆ ಕತ್ತರಿ ಕೆಳಗಿಟ್ಟರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಾನು ಇಲ್ಲಿ ಉಳಿದದ್ದು ನಿನಗೋಸ್ಕರ. ನೀನು ನನ್ನ ಇಟ್ಕೊಂಡಿರೋದು ನನಗೋಸ್ಕರ ಅಲ್ಲ. ನಾನಿದ್ರೆ ಅವನು ಬರ್ತಾನೆ ಅಂತ. ಹಗ್ಗ ಹರ್ಕೊಂಡು ಹೋದ ಎಮ್ಮೆ ಅವನು. ನಾನು ಗೂಟ. ನೀನು ಗೂಟ ಕಾಯ್ತಾ ಕೂತಿದೀಯ."


ಏಪ್ರಿಲ್ 10, ಗುರುವಾರ

ಬರೆಯುವುದಕ್ಕೇನಿಲ್ಲ.


ಏಪ್ರಿಲ್ 13, ಭಾನುವಾರ

ಅತ್ತೆಗೂ ನನಗೂ ಮಾತಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಅವರ ಕಣ್ಣಿಗೆ ಹನಿ ಹಾಕಬೇಕು. ಅವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂರುತ್ತಾರೆ. ನಾನು ರೆಪ್ಪೆ ಬಿಡಿಸಿ ಹಿಡಿಯುತ್ತೇನೆ. ಮಾತು ಬಿಟ್ಟವರ ಕಣ್ಣಿನೊಳಗೆ ಅಷ್ಟು ಹತ್ತಿರದಿಂದ ನೋಡುವುದು ಬಹಳ ಕಷ್ಟ. ಅವರೂ ಬೇರೆ ಕಡೆ ನೋಡುವ ಹಾಗಿಲ್ಲ, ನಾನೂ ನೋಡುವ ಹಾಗಿಲ್ಲ. ಹನಿ ಬಿದ್ದ ಮೇಲೆ ಕಣ್ಣು ಮುಚ್ಚುತ್ತಾರೆ, ಕೆನ್ನೆಯ ಮೇಲೆ ಇಳಿದದ್ದನ್ನು ನಾನು ಹತ್ತಿಯಿಂದ ಒತ್ತುತ್ತೇನೆ. ಇವತ್ತು ಸಂಜೆ ಇಳಿದದ್ದು ಹನಿಗಿಂತ ಹೆಚ್ಚಿತ್ತು. ಒತ್ತಿದೆ.


ಏಪ್ರಿಲ್ 20, ಭಾನುವಾರ

ಗೂಟದ ಮಾತು ಸುಳ್ಳಲ್ಲ. ವಾರವಿಡೀ ತಿರುಗಿಸಿ ಮುರುಗಿಸಿ ನೋಡಿದೆ, ಎಲ್ಲಿಂದ ನೋಡಿದರೂ ನಿಜದ ಹಾಗೇ ಕಾಣುತ್ತದೆ. ಹೀಗೆ ಒಪ್ಪಿಕೊಂಡದ್ದರಿಂದ ಏನೂ ಹಗುರವಾಗಲಿಲ್ಲ, ನಿದ್ದೆ ಮಾತ್ರ ಬಂತು.

ಬ್ರೇಕಮ್ಮ ಭಾನುವಾರವೂ ಒಂದು ಪಾಠ ಹೇಳಿಕೊಡಿ ಎಂದು ಗೋಗರೆದಿದ್ದರು. ರಜೆಯ ದಿನ ರಸ್ತೆ ಖಾಲಿ ಇರುತ್ತದಲ್ಲ. ಹೋದೆ. ಹಳೆಯ ಗೋದಾಮುಗಳ ಹಿಂದಿನ ಅಗಲ ರಸ್ತೆಯಲ್ಲಿ ಅವರು ಮೊದಲ ಸಲ ಮೂರನೇ ಗೇರಿಗೆ ಹಾಕಿದರು. ಹಾಕಿದವರೇ ಬೆಚ್ಚಿ, "ಇಷ್ಟು ಜೋರಾಗಿ ಹೋಗ್ತಿರೋದು ನಾನೇನಾ?" ಎಂದರು. ಸೈಕಲ್ಲೊಂದು ನಮ್ಮನ್ನು ದಾಟಿ ಹೋಯಿತು.

ಮುಗಿದ ಮೇಲೆ ತಮ್ಮ ಅಂಗಡಿಯಲ್ಲಿ ಚಹಾ ಕುಡಿಸಿದರು. ಒಳಗಿನ ಕೋಣೆಯಲ್ಲಿ ಗಂಡ ಮಲಗಿದ್ದರು. ಮಾತು ತೊದಲು. "ಹೇಗೆ ಬಿಡ್ತಾಳೆ?" ಎಂದು ಕೇಳಿದರು. ಚೆನ್ನಾಗಿ ನಿಲ್ಲಿಸ್ತಾರೆ ಎಂದೆ. ಅರ್ಧ ಮುಖದಲ್ಲಿ ನಕ್ಕರು.

ಮನೆಗೆ ಬಂದಾಗ ಅತ್ತೆ ಒಬ್ಬರೇ ಕೂತಿದ್ದರು. ನಾವಿಬ್ಬರೂ ಒಂದೆರಡು ದಿನದಿಂದ ಅಗತ್ಯದ ಮಾತು ಆಡುತ್ತಿದ್ದೇವೆ.

"ಬಂದಿದ್ದ" ಎಂದರು.

"ಯಾರು?" ಎಂದೆ. ಆಮೇಲೆ ನೆನಪಾಯಿತು, ಅವನು ಬರುವ ಭಾನುವಾರ. ಚಹಾ ಮಾಡಿ ಕಳಿಸುವುದಿತ್ತು.

"ಆ ಹುಡುಗಿಗೆ ತಾಯಿ ಇಲ್ವಂತೆ. ಹೆರಿಗೆಗೆ ಯಾರೂ ಇಲ್ಲ. ನನ್ನ ಬಾ ಅಂದ. ಆಗಲ್ಲ ಅಂದೆ."

"ಯಾಕೆ?"

"ಕಣ್ಣಿಗೆ ಹನಿ ಹಾಕೋರು ಯಾರು ಅಲ್ಲಿ?" ಎಂದು ಎದ್ದು ಹೋದರು.


ಮೇ 1, ಗುರುವಾರ

ಅತ್ತೆ ಊಟ ಸರಿಯಾಗಿ ಮಾಡುತ್ತಿಲ್ಲ. ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಡುತ್ತಾರೆ. ಕತ್ತರಿಸಿದ ಆ ಬಟ್ಟೆಗಳೆಲ್ಲ ಎಲ್ಲಿ ಹೋದವೋ ಕಾಣುವುದಿಲ್ಲ. ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮ ಬಂದರೆ ಆರಿಸುತ್ತಾರೆ. ನನಗೆ ನೋವಾಗಬಾರದು ಎಂದು. ಅಷ್ಟು ಜೋಪಾನ ಮಾಡುವುದನ್ನು ನೋಡಿದರೆ ಸಿಟ್ಟೂ ಬರುತ್ತದೆ.

ಇವತ್ತು ಸಂಜೆ ಹನಿ ಹಾಕುವಾಗ ಹೇಳಿದೆ. ಆಗ ಅವರು ಎದ್ದು ಹೋಗುವ ಹಾಗಿಲ್ಲ.

"ಅತ್ತೆ, ನೀವು ಹೋಗಿ."

"ಎಲ್ಲಿಗೆ?"

"ನಿಮ್ಮ ಮಗನ ಮನೆಗೆ. ಮಗು ನೋಡ್ಕೊಳ್ಳೋಕೆ."

"ಕಣ್ಣಿಗೆ ಔಷಧಿ ಹಾಕಿದೀಯ, ಸುಮ್ನಿರು. ಅಳಿಸಬೇಡ."

ಎರಡನೇ ಹನಿ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, "ನಿಮ್ಮಕ್ಕ ಹೇಳಿಕೊಟ್ಟಳಾ? ನನ್ನ ಕಳಿಸಿ ನೀನು ಮೂವಾನ್ ಆಗ್ತೀಯಾ?"

"ಅಕ್ಕ ಹೇಳಿದ್ರೆ ನಾನು ಯಾವತ್ತು ಕೇಳಿದೀನಿ? ನಿಮಗೆ ಆಸೆ ಇದೆ. ಅದಕ್ಕೆ ಹೇಳ್ತಿದೀನಿ."

"ನನಗೆಂಥ ಆಸೆ?"

"ಬೆಡ್‌ಶೀಟಿಗೆ ಅಂಚು ಹೊಲಿಯೋವಷ್ಟು."

ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು, ಆಗುತ್ತಿರಲಿಲ್ಲ. ಕೊನೆಗೆ ಅತ್ತೆ, "ಅವನ ಮೇಲೆ ನನಗಿನ್ನೂ ಸಿಟ್ಟಿದೆ ಕಣೇ" ಎಂದರು. "ಆದ್ರೆ ಆ ಕೂಸು ಏನು ಮಾಡಿದೆ? ಎತ್ತಿಕೊಳ್ಳಬೇಕು ಅನ್ಸುತ್ತೆ. ಅನ್ಸಿದಾಗಲೆಲ್ಲ ನಿನ್ನ ಮುಖ ಎದುರಿಗೆ ಬರುತ್ತೆ. ನಾನು ಹೋದ್ರೆ ನೀನು ಒಬ್ಬಳೇ ಆಗ್ತೀಯ."

"ಒಬ್ಬಳೇ ಇದ್ದು ನೋಡಿಲ್ಲ. ಇದ್ದು ನೋಡ್ತೀನಿ."

"ಹೇಳೋದು ಸುಲಭ."

"ಸುಲಭ ಅಂತ ಯಾರಂದ್ರು?"

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಹೊಸ ಕಣ್ಣಿನಲ್ಲಿ ನಾನು ಸರಿಯಾಗಿ ಕಂಡೆನೇನೋ. "ತುಂಬ ಸೊರಗಿದೀಯ ನೀನು. ಇಷ್ಟು ದಿನ ಮಂಜುಮಂಜಾಗಿ ಚೆನ್ನಾಗಿ ಕಾಣ್ತಿದ್ದೆ" ಎಂದರು.

ಇಬ್ಬರೂ ಊಟ ಮಾಡಿದೆವು. ಅವರು ಎರಡನೇ ಸಲ ಬಡಿಸಿಕೊಂಡರು.


ಮೇ 18, ಭಾನುವಾರ

ಅತ್ತೆಯನ್ನು ಬಿಟ್ಟು ಬಂದೆ. ಸೊಂಟ ನೋಯುತ್ತಿದೆ, ಆದರೂ ಇವತ್ತಿನದನ್ನು ಬರೆದೇ ಮಲಗಬೇಕು.

ಮಾಲೀಕರನ್ನು ಕೇಳಿ ಸ್ಕೂಲಿನ ಕಾರನ್ನೇ ತೆಗೆದುಕೊಂಡಿದ್ದೆ. ಚಾವಣಿಯ ಮೇಲೆ ದೊಡ್ಡದಾಗಿ 'ಕಲಿಯುವವರು' ಎಂಬ ಬೋರ್ಡು. ಹೆದ್ದಾರಿಯಲ್ಲಿ ಲಾರಿಯವರೆಲ್ಲ ನಮಗೆ ದಾರಿ ಬಿಟ್ಟುಕೊಟ್ಟರು. ಅತ್ತೆ ಪಕ್ಕದ ಸೀಟಿನಲ್ಲಿ, ನಾನು ದಿನಾ ಕೂರುವ ಜಾಗದಲ್ಲಿ, ಕೂತಿದ್ದರು. ಅಲ್ಲಿರುವ ಬ್ರೇಕನ್ನು ಮುಟ್ಟಬೇಡಿ ಎಂದು ಹೇಳಿದ್ದೆ. ಎರಡು ಸಲ ತುಳಿದರು. ಒಂದು ಸಲ ತಪ್ಪಿ. ಎರಡನೇ ಸಲ ಊರು ಹತ್ತಿರ ಬಂದಾಗ, ಬೇಕೆಂದೇ.

"ವಾಪಸ್ ಹೋಗೋಣ್ವಾ?" ಎಂದರು.

"ಇಷ್ಟು ದೂರ ಬಂದು?"

"ಹೂಂ. ನಡಿ ಹಾಗಾದ್ರೆ."

ಅತ್ತೆಯ ಮಗ ಕೆಳಗೆ ಬಂದು ಕಾಯುತ್ತಿದ್ದ. ದೊಡ್ಡ ಚೀಲವನ್ನು ಒಂದೇ ಹಿಡಿಯಲ್ಲಿ ಎತ್ತಿದ, ಹಿಡಿ ಕಿತ್ತುಬಂತು. ಆ ಚೀಲದ ಹೊಲಿಗೆ ಸಡಿಲವಾಗಿತ್ತು, ಎರಡೂ ಕಡೆ ಹಿಡಿದು ಎತ್ತಬೇಕಿತ್ತು. ಚೀಲದಿಂದ ಚೌಕದ ಬಟ್ಟೆಗಳು ಮೆಟ್ಟಿಲ ಮೇಲೆ ಚೆಲ್ಲಿದವು. ಎಷ್ಟೊಂದು ಮಾಡಿದ್ದಾರೆ. ಮೂವರೂ ಬಗ್ಗಿ ಆರಿಸಿದೆವು. ಮಣ್ಣಾದವನ್ನು ನಾನು ಬೇರೆ ಇಟ್ಟೆ, ಮತ್ತೆ ಕುದಿಸಬೇಕಲ್ಲ.

ಬಾಗಿಲಲ್ಲಿ ಆಕೆ ನಿಂತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವಳು. ಕಾಲು ಊದಿಕೊಂಡು, ಗಂಡಸರ ಚಪ್ಪಲಿ ಹಾಕಿಕೊಂಡಿದ್ದಳು. ಬಾಗಿಲನ್ನು ಅರ್ಧ ಮರೆ ಮಾಡಿಕೊಂಡು, "ಬನ್ನಿ" ಎಂದಳು. ಆಮೇಲೆ, "ನಿಮ್ಮನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ" ಎಂದಳು.

ಈ ಮೂರು ವರ್ಷ ಆಕೆಗೆ ಹೇಳಲೆಂದು ಎಷ್ಟು ಮಾತು ಕೂಡಿಟ್ಟಿದ್ದೆ. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಅಭ್ಯಾಸ ಮಾಡಿದ ಮಾತುಗಳು. ಆ ಕಾಲುಗಳನ್ನು ನೋಡಿ ಒಂದೂ ಬಾಯಿಗೆ ಬರಲಿಲ್ಲ.

"ಏನೂ ಕರೀಬೇಡಿ. ಮೊದಲು ಕೂತ್ಕೊಳ್ಳಿ" ಎಂದೆ. "ಅತ್ತೆಗೆ ಇನ್ನೊಂದು ವಾರ ಕಣ್ಣಿಗೆ ಹನಿ ಹಾಕ್ಬೇಕು. ತೋರಿಸ್ತೀನಿ."

ಅತ್ತೆಯನ್ನು ಕೂರಿಸಿ ರೆಪ್ಪೆ ಬಿಡಿಸುವುದು ಹೇಗೆಂದು ತೋರಿಸಿದೆ. ಆಕೆ ಹಾಕಿದ ಮೊದಲ ಹನಿ ಮೂಗಿನ ಮೇಲೆ ಬಿತ್ತು. "ಕಣ್ಣು ಇಲ್ಲಿದೆ" ಎಂದರು ಅತ್ತೆ. ಆಕೆಗೆ ಅಳು ಬಂತು.

"ನಂಗೆ ತುಂಬ ಭಯ ಆಗುತ್ತೆ" ಎಂದಳು ನನಗೆ ಮಾತ್ರ ಕೇಳಿಸುವ ಹಾಗೆ. "ಹೇಳಿಕೊಡೋಕೆ ಯಾರೂ ಇಲ್ಲ."

"ಅತ್ತೆ ಇರ್ತಾರಲ್ಲ" ಎಂದೆ. "ಬೈತಾರೆ. ಆದ್ರೆ ಬಿಟ್ಟು ಹೋಗಲ್ಲ."

ನಾನು ಹೊರಟಾಗ ಅತ್ತೆಯ ಮಗ ಕಾರಿನವರೆಗೆ ಬಂದ. ಕೈಕೈ ಹಿಸುಕಿಕೊಳ್ಳುತ್ತ, "ನೀನು ಇಷ್ಟು ಮಾಡ್ತೀಯ ಅಂದ್ಕೊಂಡಿರ್ಲಿಲ್ಲ. ನಾನು ನಿನಗೆ..." ಎಂದು ಏನೋ ಶುರು ಮಾಡಿದ. ಅಷ್ಟರಲ್ಲಿ ನನಗೆ ನೆನಪಾಯಿತು.

"ಅವರಿಗೆ ಮಂಡಿ ನೋವು. ಮೆಟ್ಟಿಲು ಜಾಸ್ತಿ ಹತ್ತಿಸಿ ಇಳಿಸಬೇಡಿ. ಚಹಾಕ್ಕೆ ಸಕ್ಕರೆ ಹಾಕಿ, ಕಡಿಮೆ ಅಲ್ಲ, ಸರಿಯಾಗಿ ಹಾಕಿ" ಎಂದೆ.

ಅವನು ಏನು ಹೇಳಲು ಹೊರಟಿದ್ದನೋ ಗೊತ್ತಾಗಲಿಲ್ಲ.

ಅತ್ತೆ ಕೆಳಗಿಳಿದು ಬರಲಿಲ್ಲ. ಮೇಲಿನ ಕಿಟಕಿಯಿಂದ ಬಗ್ಗಿ, "ಹುಷಾರಾಗಿ ಬಿಡು" ಎಂದರು. ನಾನು ತಲೆಯಾಡಿಸಿದೆ.

ಊರು ದಾಟಿದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಗಾಜು ಏರಿಸಿ, ಮನಸಾರೆ ಅತ್ತುಬಿಟ್ಟೆ. ಪಕ್ಕದ ಸೀಟು ಖಾಲಿಯಾಗಿತ್ತು. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಎಲ್ಲಿದ್ದೇವೆ ಎಂದು ಬಾಯಲ್ಲಿ ಹೇಳುತ್ತಲೇ ಬಂದೆ, ಕೇಳುವವರು ಇಲ್ಲದಿದ್ದರೂ.


ಮೇ 21, ಬುಧವಾರ

ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯುವುದಿಲ್ಲ. ಮೂರು ದಿನದಿಂದ ತಂಗಳನ್ನ.

ಮನೆ ಬಣಗುಡುತ್ತದೆ. ರೇಡಿಯೋ ಹಾಕಿದರೆ ಇನ್ನೂ ಬಣಗುಡುತ್ತದೆ.


ಮೇ 30, ಶುಕ್ರವಾರ

ಅಕ್ಕ ಫೋನು ಮಾಡಿ, "ಒಳ್ಳೇ ಕೆಲಸ ಮಾಡ್ದೆ. ಈಗ ನೋಡು, ನೀನು ಮೂವ್ ಆನ್ ಆಗ್ತೀಯ" ಎಂದಳು. ಆಗುತ್ತೇನೋ ಇಲ್ಲವೋ, ಅಡುಗೆಮನೆಯ ನಲ್ಲಿ ಸೋರುತ್ತಿದೆ, ಪ್ಲಂಬರ್ ಬರುತ್ತೇನೆ ಎಂದು ಬರಲಿಲ್ಲ. ನಾನೇ ವಾಷರ್ ತಂದು ಬದಲಾಯಿಸಿದೆ. ಈಗ ಸ್ವಲ್ಪ ಕಡಿಮೆ ಸೋರುತ್ತಿದೆ.


ಜೂನ್ 9, ಸೋಮವಾರ

ಹೆಣ್ಣು ಮಗು. ನಿನ್ನೆ ಸಂಜೆ. ಅತ್ತೆ ಫೋನಿನಲ್ಲಿ ಒಂದೇ ಸಮನೆ ಮೂಗು ಸೇದುತ್ತಿದ್ದರು. ಆಮೇಲೆ, "ಕಿವಿ ಮಾತ್ರ ನಮ್ಮ ಕಡೇದು" ಎಂದರು. ಯಾರ ಕಡೆಯದಾದರೇನು, ಕೇಳಿಸಿದರೆ ಸಾಕು ಎಂದೆ. ನಕ್ಕರು.

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಎದೆ ಭಾರವಾಗಿತ್ತು. ಕೂತೆ. ಆಮೇಲೆ ಹೊತ್ತಾಯಿತೆಂದು ಎದ್ದೆ.

ಬ್ರೇಕಮ್ಮ ಇವತ್ತು ಗಂಡನನ್ನೇ ಪಾಠಕ್ಕೆ ಕರೆತಂದಿದ್ದರು. ಇಬ್ಬರೂ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅವರು ತೊದಲುತ್ತಲೇ ಹಿಂದಿನಿಂದ "ಎಡಕ್ಕೆ ನೋಡು, ಕನ್ನಡಿ ನೋಡು" ಎಂದು ಅಪ್ಪಣೆ ಕೊಡುತ್ತಿದ್ದರು. ಬ್ರೇಕಮ್ಮನಿಗೆ ರೇಗಿತು. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಬಿಡ್ತಿರೋದು ನಾನು" ಎಂದರು. ಬೈಯುವ ಭರದಲ್ಲಿ ಹಸಿರು ದೀಪ ದಾಟಿದ್ದು ಅವರ ಗಮನಕ್ಕೇ ಬರಲಿಲ್ಲ. ನಾನೂ ಹೇಳಲಿಲ್ಲ.


ಜೂನ್ 22, ಭಾನುವಾರ

ಬೆಳಗಿನಿಂದ ಮನೆ ಗುಡಿಸಿ ಒರೆಸಿದೆ. ಅತ್ತೆಯ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದೆ. ಮಗು ಕೂರುವಂತಾದ ಮೇಲೆ ಒಂದು ತಿಂಗಳು ಬಂದು ಇದ್ದು ಹೋಗುತ್ತಾರಂತೆ. ಆಮೇಲಿನದು ಆಮೇಲೆ.

ಸಂಜೆ ಅತ್ತೆಯ ಫೋನು ಬಂತು. ಮಗು ಹೊತ್ತು ಮುಳುಗಿದರೆ ಅಳಲು ಶುರು ಮಾಡುತ್ತದಂತೆ. ತಾಯಿ ಮೊದಮೊದಲು ತಾನೂ ಅಳುತ್ತಿದ್ದವಳು, ಈಗ ಪಳಗಿ ಅತ್ತೆಗೇ ಎದುರು ಮಾತಾಡುವಷ್ಟಾಗಿದ್ದಾಳಂತೆ. "ನಿನ್ನ ಹಾಗೇ ಆಗ್ತಿದಾಳೆ" ಎಂದರು. ಸೂಜಿಗೆ ದಾರ ತಾವೇ ಪೋಣಿಸುತ್ತಾರಂತೆ. ಎಡಗಣ್ಣನ್ನೂ ತೋರಿಸಬೇಕು ಎಂದು ಹೇಳುತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಟವೆಲ್ ಎಲ್ಲಿದೆ ಎಂದು ಕೇಳಿದ್ದು ಕೇಳಿಸಿತು.

"ಯಾರೋ ಬಂದಿರೋ ಹಾಗಿದೆ, ಹೋಗಿ ಮಾತಾಡಿಸಿ ಅತ್ತೆ. ನಾನು ನಾಳೆ ಮಾಡ್ತೀನಿ" ಎಂದೆ.

"ಯಾರೂ ಬಂದಿಲ್ವಲ್ಲ."

"ಈಗ ಯಾರೋ ಗಂಡಸರು ಮಾತಾಡಿದ್ರಲ್ಲ."

ಮಗು ಅಳುವುದು ಮಾತ್ರ ಕೇಳುತ್ತಿತ್ತು. ಲೈನು ಕಡಿದುಹೋಯಿತೇನೋ ಎಂದು "ಅತ್ತೆ?" ಎಂದೆ.

"ನನ್ನ ಮಗ ಕಣೇ" ಎಂದರು.

"ಓ" ಎಂದೆ. "ಮಗೂಗೆ ಹೊಟ್ಟೆ ಉಬ್ಬರಿಸಿರ್ಬೇಕು. ಭುಜದ ಮೇಲೆ ಹಾಕ್ಕೊಂಡು ಬೆನ್ನು ಸವರಿ ನೋಡಿ."

ಅತ್ತೆ ಯಾಕೋ ನಕ್ಕರು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ದನಿ ಸ್ವಲ್ಪ ಒದ್ದೆಯಾದ ಹಾಗಿತ್ತು. "ಏನಿಲ್ಲ, ಊಟ ಮಾಡು ಹೋಗು" ಎಂದು ಫೋನಿಟ್ಟರು. ವಯಸ್ಸಾಯಿತಲ್ಲ, ನಿದ್ದೆಗೆಟ್ಟು ಹಾಗಾಗುತ್ತದೆ.

ನಾಳೆ ಬ್ರೇಕಮ್ಮನ ಟೆಸ್ಟು. ಏಳಕ್ಕೆಲ್ಲ ಮೈದಾನದಲ್ಲಿರಬೇಕು. ಹಿಂದಿನ ಟೈರಿಗೆ ಗಾಳಿ ಹೊಡೆಸುವುದು ಮರೆತಿದ್ದೇನೆ.